ಇಂಕಿನಲ್ಲಿ ಬರೆದ ಚೀಟಿಗಳು

ಪರೀಕ್ಷೆಗೆ ತೆಗೆದ ಮಣ್ಣಿನ ಚೀಲದೊಳಗೆ ಹಾಕುವ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು. ಬಳ್ಳಾರಿಯಲ್ಲಿ ನನ್ನ ವಿದ್ಯಾರ್ಥಿಗಳಿಗೆ ಇದನ್ನು ಅವರ ತಲೆ ಚಿಟ್ಟು ಹಿಡಿಯುವಷ್ಟು ಸಲ ಹೇಳುತ್ತೇನೆ. ನನಗೂ ನನ್ನ ಗೈಡ್ ಹೇಳಿದ್ದರು. ಕೇಳಲಿಲ್ಲ. ಕುರುಗೋಡಿನ ಶಾಲೆಯಲ್ಲಿ ಅಕ್ಷರ ಚಂದವೆಂದು ಬಹುಮಾನ ಪಡೆದವಳಲ್ಲವೇ? ಪಿಎಚ್.ಡಿ.ಯ ಚೀಟಿಗಳನ್ನೂ ಇಂಕ್ ಪೆನ್ನಿನಲ್ಲಿ ಗುಂಡಗೆ ಬರೆದೆ.

ಸಿರುಗುಪ್ಪದ ಕಾಲುವೆ ಕೆಳಗಿನ ಭತ್ತದ ಗದ್ದೆಗಳು ಎಷ್ಟು ಸವಳಾಗಿವೆ, ಎಷ್ಟು ಉಪ್ಪು ಏರಿದೆ ಎಂಬುದು ನನ್ನ ವಿಷಯ. ಗದ್ದೆ ತೋರಿಸುತ್ತಿದ್ದವಳು ನಾಟಿ ಕೆಲಸದ ಒಬ್ಬ ಅಜ್ಜಿ. ಮರುದಿನ ಕಾಲುವೆಗೆ ನೀರು ಬಿಡುವುದಿತ್ತು, ಆಮೇಲೆ ಮಣ್ಣು ತೆಗೆಯುವಂತಿರಲಿಲ್ಲ; ಅಂದೇ ಎಲ್ಲ ಗದ್ದೆಗಳ ಮಣ್ಣು ತೆಗೆದು ಮುಗಿಸಿದೆವು. ಸಂಜೆ ಅವಳ ಮನೆಯ ಕಟ್ಟೆಯ ಮೇಲೆ ಚೀಲಗಳನ್ನು ಬಿಚ್ಚಿ ನೋಡಿದೆ. ಹಸಿ ಮಣ್ಣಿಗೆ ಮಸಿ ಹರಡಿ, ಒಂದು ಚೀಟಿಯಲ್ಲೂ ಗದ್ದೆಯ ಗುರುತಿರಲಿಲ್ಲ.

ನಾನು ಅಳತೊಡಗಿದೆ. ಅಜ್ಜಿ ಒಂದೊಂದು ಚೀಲದಿಂದ ಚಿಟಿಕೆ ಮಣ್ಣು ನಾಲಿಗೆಗಿಟ್ಟು, ಉಗುಳಿ, ಯಾರ ಗದ್ದೆಯೆಂದು ಹೇಳುತ್ತಾ ಹೋದಳು. ನಂಬಿಕೆ ಬರದೆ ಚೀಲಗಳನ್ನು ಅದಲುಬದಲು ಮಾಡಿ ಮತ್ತೆ ಕೊಟ್ಟೆ. ಮತ್ತೆ ಅವೇ ಹೆಸರುಗಳು.

"ನನಗ ಪರೀಕ್ಷಾ ಮಾಡ್ತಿ ಏನಬೇ? ಇವೆಲ್ಲಾ ಉಪ್ಪು ನೀರಾಗ ನಿಂದರಿಸಿ ನನ್ನ ಕಾಲು ಒಡಿಸಿದ ಗದ್ದಿ ಅದಾವ. ಪುಸ್ತಕದಾಗ ನನ್ನ ಹೆಸರು ಹಾಕ್ತಿ ಹೌದಲ್ಲ?"

"ಹಾಕ್ತೀನಜ್ಜಿ," ಎಂದೆ.

ಹಾಕಲಿಲ್ಲ. ಹಾಕಿದ್ದರೆ ಚೀಟಿಗಳ ಕಥೆ ಹೊರಬೀಳುತ್ತಿತ್ತು, ಪದವಿಗೇ ಸಂಚಕಾರ ಬರುತ್ತಿತ್ತು. ಕೃತಜ್ಞತೆಯ ಪುಟದಲ್ಲಿ ಟೈಪ್ ಮಾಡಿಕೊಟ್ಟವರಿಗೂ ಜಾಗ ಸಿಕ್ಕಿತು. ಅವಳಿಗೆ ಸಿಗಲಿಲ್ಲ. ಎಂಥ ಹೇಡಿ ನಾನು!

ಪದವಿ ಬಂದ ಮೇಲೆ ಪ್ರಬಂಧ ಹಿಡಿದು ಅವಳ ಮನೆಗೆ ಹೋದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಪುಟ ಮುಟ್ಟಿದಳು.

"ಇದರಾಗ ನಾ ಎಲ್ಲದೀನಿ?"

ಅವಳು ರುಚಿ ನೋಡಿ ಹೇಳಿದ ಗದ್ದೆಗಳ ಕೋಷ್ಟಕಕ್ಕೆ ಬೆರಳಿಟ್ಟೆ. "ಇಲ್ಲಿ."

ಅವಳು ಆ ಅಂಕಿಗಳನ್ನು ಸವರಿ, ಪಕ್ಕದ ಮನೆಯವಳನ್ನು ಕೂಗಿ ಕರೆದು ತೋರಿಸಿದಳು. "ಪುಸ್ತಕ ಇಲ್ಲೇ ಇರ್ಲಿ. ಮೊಮ್ಮಗಳು ಸಾಲಿಯಿಂದ ಬಂದ್ಮ್ಯಾಲ ಓದಿಸ್ತೀನಿ," ಎಂದಳು. ಪುಸ್ತಕವನ್ನು ಅವಳ ಕೈಯಲ್ಲೇ ಬಿಟ್ಟೆ. ಶಾಲೆ ಬಿಡುವ ಮೊದಲೇ ನಾನು ಬಸ್ಸು ಹತ್ತಿದೆ.

ಈಗಲೂ ಬಳ್ಳಾರಿಯ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸು ಕಂಡರೆ ಜೀವ ಅತ್ತ ಎಳೆಯುತ್ತದೆ. ಆ ಕಟ್ಟೆಯ ಮೇಲೆ ಕೂತು ಅವಳ ಕೈಯ ರೊಟ್ಟಿ ತಿನ್ನಬೇಕು, ಅವಳಿಂದ ಬೈಸಿಕೊಳ್ಳಬೇಕು ಅನಿಸುತ್ತದೆ. ಆದರೆ ಆ ಮೊಮ್ಮಗಳು ಪುಸ್ತಕವನ್ನು ಎಂದೋ ಓದಿ ಮುಗಿಸಿರುತ್ತಾಳೆ.