ಗಂಟೆಯನ್ನು ಜೋರಾಗಿ ಬಾರಿಸಿ

ಕಾಡಿನ ದಾರಿಯಲ್ಲಿ ಒಂದು ಕಂಬ, ಅದಕ್ಕೆ ತೂಗುಹಾಕಿದ ಗಂಟೆ, ಪಕ್ಕದಲ್ಲಿ ಒಂದು ಫಲಕ: ಕರಡಿಗಳಿವೆ, ಗಂಟೆಯನ್ನು ಜೋರಾಗಿ ಬಾರಿಸಿ. ಜಪಾನಿನ ಮಗೊಮೆ ಎಂಬ ಬೆಟ್ಟದೂರಿನ ಆಚೆ ನಿಂತು ನಾನದನ್ನು ಎರಡೆರಡು ಸಲ ಓದಿದೆ. ಸದ್ದು ಮಾಡಿ ಎಂದು ಪರದೇಶವೊಂದು ನನ್ನನ್ನು ಕೇಳಿಕೊಂಡದ್ದು ಅದೇ ಮೊದಲು. ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ಮನೆ ಮಾಡಿದಾಗಿನಿಂದ ಎಲ್ಲರೂ ನನಗೆ ಹೇಳುತ್ತ ಬಂದಿರುವುದು ಇದರ ತದ್ವಿರುದ್ಧ.

ನಾನು ಧಾರವಾಡದವಳು. ಮಗ್ಗುಲಲ್ಲಿ ಕೂತವರ ಜೊತೆಗೂ ಹಿತ್ತಲಿಗೆ ಕೇಳುವಂತೆ ಮಾತಾಡುವ ಮನೆ ನಮ್ಮದು. ಅದು ಜಗಳವಲ್ಲ, ಅಕ್ಕರೆ. ಪಿಸ್ಕಾಟವೇಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಅಕ್ಕನ ಜೊತೆ ಫೋನಿನಲ್ಲಿ ಎಣ್ಣೆಗಾಯಿಯ ಬಗ್ಗೆ ಮಾತಾಡುತ್ತಿದ್ದೆ. ಇಲ್ಲಿನ ದಪ್ಪ ಬದನೆಕಾಯಿಗೆ ಹೂರಣ ತುಂಬುವುದು ಹೇಗೆ ಎಂಬುದೇ ನಮ್ಮ ಚರ್ಚೆ. ಕೆಳಗಿನ ಮನೆಯ ಹೆಂಗಸು ಬಂದು ಬಾಗಿಲು ತಟ್ಟಿದರು. ನನ್ನ ಕೈ ಹಿಡಿದುಕೊಂಡು, ಮನೆಯಲ್ಲಿ ಯಾರಾದರೂ ನಿನಗೆ ಹಿಂಸೆ ಕೊಡುತ್ತಿದ್ದಾರೆಯೇ ಎಂದು ಮೆಲ್ಲಗೆ ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದರು. ಆದರೆ ಅಂದಿನಿಂದ ನಾನು ಕಿಟಕಿ ಮುಚ್ಚಿಕೊಂಡು ಮಾತಾಡತೊಡಗಿದೆ.

ಗಂಡ ಶ್ರೀಧರ ಮೈಸೂರಿನವರು. ಅವರು ಸಿಟ್ಟಿಗೆದ್ದರೂ ಪಕ್ಕದ ಕೋಣೆಗೆ ಗೊತ್ತಾಗುವುದಿಲ್ಲ. ಅಂಗಡಿ, ಲಿಫ್ಟು, ಆಸ್ಪತ್ರೆ, ಎಲ್ಲಿ ಹೋದರೂ "ಸ್ವಲ್ಪ ಮೆತ್ತಗೆ ಮಾತಾಡೇ" ಎಂಬುದೊಂದು ಅವರ ಬಾಯಿಪಾಠ. "ಯಾಕ್ರೀ, ನಾನೇನು ಕಳುವು ಮಾಡಾಕ ಬಂದೀನೇನು?" ಎಂದು ನಾನೂ ಬಿಡುತ್ತಿರಲಿಲ್ಲ. ಶನಿವಾರ ನಮ್ಮ ದೇಶದವರ ಅಂಗಡಿಗಳೇ ತುಂಬಿರುವ ಐಸೆಲಿನ್‌ನ ಓಕ್ ಟ್ರೀ ರೋಡಿಗೆ ಹೋದಾಗ ಮಾತ್ರ, ಕೊತ್ತಂಬರಿ ಸಿವುಡುಗಳ ಮುಂದೆ ನಿಂತು ಮನಸಾರೆ ಬಾಯಿ ಮಾಡುತ್ತಿದ್ದೆ.

ನಿಜವಾಗಿ ನೋವಾದದ್ದು ಮಗಳು ಗೌರಿಯಿಂದ. ಅವಳು ಹೈಸ್ಕೂಲಿನ ವಾಲಿಬಾಲ್ ತಂಡದಲ್ಲಿದ್ದಾಳೆ. ಒಂದು ಪಂದ್ಯದಲ್ಲಿ ನಾನು ಅವಳ ಹೆಸರು ಹಿಡಿದು ಕೂಗಿದೆ. ಕಾರು ಹತ್ತಿದ ಮೇಲೆ ಹೇಳಿದಳು: "ಅಮ್ಮಾ, ಪ್ಲೀಸ್. ಡೋಂಟ್ ಯೆಲ್ ಅಟ್ ಮೈ ಗೇಮ್ಸ್." ಉಳಿದ ಅಪ್ಪಅಮ್ಮಂದಿರೂ ಗಂಟಲು ಹರಿದುಕೊಳ್ಳುತ್ತಿದ್ದರಲ್ಲ ಎಂದೆ. "ಯುವರ್ಸ್ ಈಸ್ ಡಿಫರೆಂಟ್," ಎಂದು ಕಿಟಕಿಯ ಕಡೆ ತಿರುಗಿದಳು. ಅಂದಿನಿಂದ ನಾನು ಮೇಲಿನ ಕೊನೆಯ ಸಾಲಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದೆ. ಹೆತ್ತ ಮಗಳ ಹೆಸರು ಕೂಗಲಿಕ್ಕೂ ಪರವಾನಗಿ ಬೇಕಾಯಿತಲ್ಲ!

ಈ ಬೇಸಿಗೆ ರಜೆಗೆ ಧಾರವಾಡಕ್ಕೆ ಹೋಗುವಾಗ ದಾರಿಯಲ್ಲಿ ಕೆಲವು ದಿನ ಜಪಾನಿನಲ್ಲಿ ಇಳಿದೆವು. ಅಲ್ಲಿನ ರೈಲಿನಲ್ಲಿ ಯಾರೂ ಉಸಿರೆತ್ತುವುದಿಲ್ಲ. ಶ್ರೀಧರ ತವರಿಗೆ ಬಂದಷ್ಟು ಸಂತೋಷದಲ್ಲಿದ್ದರು. ಮಗೊಮೆಯಲ್ಲಿ ಬೆಟ್ಟದ ಏರಿಗೆ ಕಲ್ಲು ಹಾಸಿದ ಒಂದೇ ಬೀದಿ, ಎರಡೂ ಕಡೆ ಕಪ್ಪು ಮರದ ಮನೆಗಳು, ನಡುವೆ ತಿರುಗುವ ನೀರಿನ ಚಕ್ರ. ಅನ್ನವನ್ನು ಕುಟ್ಟಿ, ಕಡ್ಡಿಗೆ ಮೆತ್ತಿ, ಅಕ್ರೋಟಿನ ಗೊಜ್ಜು ಸವರಿ ಸುಡುತ್ತಾರೆ. ಹೆಸರು ಗೊಹೆಯಿ ಮೊಚಿ. ಮಾರುವ ಅಜ್ಜಿಯೂ ಪಿಸುಮಾತಿನಲ್ಲೇ ಬೆಲೆ ಹೇಳಿದಳು. ಅಲ್ಲಿಂದ ಮುಂದಿನ ಊರಿಗೆ ಕಾಡಿನ ನಡುವೆ ಹಳೆಯ ಕಾಲ್ದಾರಿಯಿದೆ. ಆ ದಾರಿಯುದ್ದಕ್ಕೂ ಅಲ್ಲಲ್ಲಿ ಈ ಗಂಟೆಗಳು. ಜಪಾನಿ ಭಾಷೆಯಲ್ಲಿ ಕುಮಾ ಎಂದರೆ ಕರಡಿಯಂತೆ, ಸದ್ದು ಕೇಳಿದರೆ ಅದು ದೂರ ಸರಿಯುತ್ತದಂತೆ.

ನಾನು ಹಗ್ಗ ಹಿಡಿದು ಬಾರಿಸಿದೆ. ಇನ್ನೊಮ್ಮೆ ಬಾರಿಸಿದೆ. "ಸಾಕು ಕಣೇ," ಎಂದರು ಶ್ರೀಧರ. ಫಲಕ ತೋರಿಸಿ ಮತ್ತೆ ಬಾರಿಸಿದೆ. ಗೌರಿ ಮುಖ ಕೆಂಪಗೆ ಮಾಡಿಕೊಂಡು ಮುಂದೆ ನಡೆದೇಬಿಟ್ಟಳು.

ಸ್ವಲ್ಪ ಹೊತ್ತಿಗೆ ಮಂಜು ಇಳಿಯಿತು. ದಾರಿ ಎರಡಾಗುವ ಕಡೆ ತಲುಪಿದಾಗ ಅವಳು ಕಾಣಲಿಲ್ಲ. ಅವಳ ಫೋನು ನನ್ನ ಚೀಲದಲ್ಲೇ ಇತ್ತು. ಶ್ರೀಧರ ಆಗಲೂ "ಗೌರಿ, ಗೌರಿ" ಎಂದು ಗ್ರಂಥಾಲಯದಲ್ಲಿ ಕರೆಯುವವರಂತೆ ಕರೆಯುತ್ತಿದ್ದರು. ನಾನು ಅಲ್ಲಿದ್ದ ಗಂಟೆಯನ್ನು ಬಡಿದು, ಇಷ್ಟು ವರ್ಷ ನುಂಗಿಕೊಂಡಿದ್ದ ದನಿಯನ್ನೆಲ್ಲ ಹೊರಗೆ ಬಿಟ್ಟೆ. "ಗೌರೀ, ಎಲ್ಲಿ ಅದೀಯವಾ?"

ಮೊದಲು ಏನೂ ಇಲ್ಲ. ಆಮೇಲೆ ಕೆಳಗಿನ ಮರಗಳ ನಡುವಿನಿಂದ ಇನ್ನೊಂದು ಗಂಟೆ. ಅದರ ಹಿಂದೆಯೇ, ನನ್ನದಕ್ಕಿಂತ ಒಂದು ಕೈ ಮೇಲಾದ ದನಿ: "ಇಲ್ಲೇ ಅದೀನಿ, ಒದರಬ್ಯಾಡ!"

ಒದರುವುದು ಎಂದರೆ ನಮ್ಮ ಕಡೆ ಕಿರುಚುವುದು. ಮನೆಯಲ್ಲಿ ಇಂಗ್ಲಿಷು ಬಿಟ್ಟು ಬೇರೆ ಭಾಷೆಯಲ್ಲಿ ಉತ್ತರ ಕೊಡದ ಹುಡುಗಿ. ಮುಚ್ಚಿದ ಕಿಟಕಿಯ ಒಳಗಿನ ನಮ್ಮ ಅಕ್ಕತಂಗಿಯರ ಮಾತನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು. ಹತ್ತಿರ ಹೋದಾಗ ಅವಳ ಕಣ್ಣು ಒದ್ದೆಯಾಗಿತ್ತು. "ದಾರಿ ತಪ್ಪಿತ್ತು. ಐ ಜಸ್ಟ್ ಫಾಲೋಡ್ ಯುವರ್ ವಾಯ್ಸ್," ಎಂದಳು. ಶ್ರೀಧರ ಆ ಗಂಟೆಯನ್ನು ತಾವೂ ಒಮ್ಮೆ ಬಾರಿಸಿದರು, ಮೆತ್ತಗೇ.

ಆ ಗೆಲುವಿನಲ್ಲೇ ಧಾರವಾಡ ಮುಟ್ಟಿದೆ. ಅಕ್ಕ ನನ್ನ ಮಾತು ಕೇಳಿ ಹಣೆ ಮುಟ್ಟಿ ನೋಡಿದಳು. "ಯಾಕವಾ, ಆರಾಮ ಇಲ್ಲೇನು? ದನೀನ ಬರವಲ್ದು." ನಾನು ಜೋರಾಗಿಯೇ ಮಾತಾಡುತ್ತಿದ್ದೆ. ಪಿಸ್ಕಾಟವೇಗೆ ಹೆಚ್ಚಾದ ದನಿ ನಮ್ಮ ಪಡಸಾಲೆಗೆ ಸಾಲದಾಗಿತ್ತು. ಅಂದು ಊಟ ರುಚಿಸಲಿಲ್ಲ.

ಶಾಲೆ ಮತ್ತೆ ಶುರುವಾಗಿದೆ. ಮೊನ್ನೆ ಮೊದಲ ಪಂದ್ಯ. ಎಂದಿನಂತೆ ಕೊನೆಯ ಸಾಲಿನಲ್ಲಿ ಕೂತಿದ್ದೆ. ಸರ್ವ್ ಮಾಡುವ ಸರದಿ ಗೌರಿಯದು. ಅವಳು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲೆ ನೋಡಿದಳು. ಇಲ್ಲದ ಹಗ್ಗವೊಂದನ್ನು ಹಿಡಿದು ಎರಡು ಸಲ ಜಗ್ಗಿದಳು.

ನಾನು ಎದ್ದು ನಿಂತೆ. "ಹೊಡಿಯವಾ ಗೌರೀ, ಬಿಡಬ್ಯಾಡ!"

ಇಡೀ ಜಿಮ್ಮು ಹಿಂದೆ ತಿರುಗಿತು. ಕೆಳಗಿನ ಸಾಲಿನ ಹೆಂಗಸೊಬ್ಬಳು, ಎಲ್ಲಾ ಸರಿಯಿದೆಯೇ ಎಂಬಂತೆ ನನ್ನ ಮುಖ ನೋಡಿದಳು. ಶ್ರೀಧರ ನನಗೆ ಜಾಗವಾಗಲಿ ಎಂದು ಪಕ್ಕಕ್ಕೆ ಸರಿದರು. ಚೆಂಡು ಹೋಗಿ ಬಲೆಗೆ ಬಡಿಯಿತು. ಗೌರಿ ನಕ್ಕಳು. ನಾನು ಕೂರಲಿಲ್ಲ.