ಮೊಸರಿನ ಪಕ್ಕದ ಇಂಜೆಕ್ಷನ್

ಕನಕಪುರದ ಸೈಕಲ್ ರೇಸಿನಲ್ಲಿ ಗೆದ್ದವನಿಂದ ಡೋಪಿಂಗ್ ಪರೀಕ್ಷೆಗೆ ಮೂತ್ರದ ಮಾದರಿ ಪಡೆಯುವುದು ನನ್ನ ಕೆಲಸವಾಗಿತ್ತು. ಗೆದ್ದವನು ಮರಳವಾಡಿಯವನು. ನಾನು ಕೊಟ್ಟ ಫಾರಮಿನಲ್ಲಿ, ಈ ವಾರ ತೆಗೆದುಕೊಂಡ ಔಷಧಿ ಯಾವುದು ಎಂಬಲ್ಲಿ 'ಏನೂ ಇಲ್ಲ' ಎಂದು ಬರೆದ. ಜೊತೆಗೆ ಬಂದಿದ್ದ ಅವನ ತಾಯಿ, ಕೈಗವಸು ಹಾಕಿದ್ದ ನನ್ನನ್ನು ಡಾಕ್ಟರೆಂದೇ ತಿಳಿದಿದ್ದರು. ಡಾಕ್ಟರ ಹತ್ತಿರ ಯಾರಾದರೂ ಮುಚ್ಚಿಡುತ್ತಾರೆಯೇ?

"ಇಲ್ಲ ಅಂತ ಯಾಕ್ಲಾ ಬರೀತೀಯ? ಜಿಮ್ಮಿನವ್ರು ಕೊಟ್ಟ ಶಕ್ತಿ ಇಂಜೆಕ್ಷನ್ ಐತಲ್ಲಾ. ನಾನೇ ಫ್ರಿಜ್ಜಲ್ಲಿ ಮೊಸರಿನ ಪಕ್ಕ ಇಕ್ಕಿದ್ದೆ ಸ್ವಾಮಿ."

"ಅವ್ವಾ, ಸುಮ್ಕಿರು!" ನನ್ನ ಕಡೆ ತಿರುಗಿ ದನಿ ತಗ್ಗಿಸಿದ. "ಸಾರ್, ಎಲ್ಲಾರೂ ತಗೊಂಡವ್ರೆ. ಮೊದ್ಲು ಯಾರೂ ಕೇಳ್ತಿರ್ಲಿಲ್ಲ. ಈಗ ಸಿಕ್ಕಾಕ್ಕೊಂಡ್ರೆ ವರ್ಷಗಟ್ಲೆ ರೇಸಿಗೆ ಸೇರಿಸಲ್ಲ. ಬರೀಬೇಡಿ ಸಾರ್."

ಕೇಳಿದ್ದನ್ನು ಬರೆಯದೆ ಬಿಡುವ ಅಭ್ಯಾಸ ನನಗಿಲ್ಲ. ಬರೆದೆ. ಅವನು ತಲೆ ಎತ್ತದೆ ಸಹಿ ಹಾಕಿದ.

ಹೊರಡುವಾಗ ಆ ತಾಯಿ ನನಗೆ ಕೈಮುಗಿದರು. "ಒಸಿ ಒಳ್ಳೆ ಟಾನಿಕ್ ಬರ್ಕೊಡಿ ಸ್ವಾಮಿ, ಬಡಕಲಾಗೋಗವ್ನೆ."

"ಆಗಲಿ ತಾಯಿ" ಎಂದೆ.

ಆ ದಿನ ಅಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಂಡವನು ನಾನೊಬ್ಬನೇ.