ಪಂಕಜಳ ಪಥ್ಯ

ಊರಿಗೆ ಊರೇ ಕೋಳಿ ತಿನ್ನುವುದನ್ನು ಬಿಟ್ಟ ವರ್ಷ ನಾನು ಕೋಳಿ ಅಂಗಡಿಗೆ ಹೋಗುವುದನ್ನು ಶುರುಮಾಡಿದೆ. ಹುಟ್ಟಿದಾಗಿನಿಂದ ಹುಳಿ, ಸಾರು, ಗೊಜ್ಜು ಬಿಟ್ಟು ಬೇರೆ ಕಂಡವನಲ್ಲ ನಾನು. ಮೊಟ್ಟೆ ಹಾಕಿದ ಕೇಕನ್ನು ಕೂಡ ಆಫೀಸಿನಲ್ಲಿ ಯಾರಾದರೂ ನಿವೃತ್ತರಾದಾಗ ಮಾತ್ರ, ಅದೂ ಮೊಟ್ಟೆ ಇಲ್ಲವೆಂದು ನಾನೇ ಭಾವಿಸಿಕೊಂಡು ತಿಂದವನು. ಅಂಥವನು ಕಪ್ಪು ಕವರಿನಲ್ಲಿ ಕೋಳಿ ಹಿಡಿದುಕೊಂಡು ಮಾವಳ್ಳಿಯಿಂದ ತ್ಯಾಗರಾಜನಗರಕ್ಕೆ ಸ್ಕೂಟರಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ದೇವಸ್ಥಾನ ಸಿಕ್ಕರೆ ಕೈ ಮುಗಿಯಬೇಕೋ ಬೇಡವೋ ತಿಳಿಯದೆ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದೆ.

ಇದಕ್ಕೆಲ್ಲ ಕಾರಣ ನಮ್ಮತ್ತೆಯ ಬೆಕ್ಕು.

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನನ್ನ ತಂದೆಯ ಅಕ್ಕ. ಮದುವೆಯಾದವರಲ್ಲ. ಚಾಮರಾಜಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ, ನಿವೃತ್ತಿಯಾದಮೇಲೆ ನಮ್ಮ ಜೊತೆಗೇ ಇದ್ದರು. ಎರಡು ತಲೆಮಾರಿನ ಹುಡುಗಿಯರನ್ನು ಶಬ್ದರೂಪದಿಂದ ಹೆದರಿಸಿದ್ದವರಿಗೆ ನಾನೂ ನನ್ನ ಹೆಂಡತಿ ಶೈಲಳೂ ಒಂದು ಲೆಕ್ಕವಲ್ಲ. ಒಂದು ಮಳೆಗಾಲದಲ್ಲಿ ಮನೆಮುಂದಿನ ಚರಂಡಿಯಿಂದ ಬೂದುಬಣ್ಣದ ಮರಿಯೊಂದು ಮೇಲೆದ್ದು ಬಂದು ಅವರ ಸೀರೆಯ ಅಂಚನ್ನು ಹಿಡಿಯಿತು. ಕೆಸರಿನಲ್ಲಿ ಹುಟ್ಟಿದ್ದು, ಆದ್ದರಿಂದ ಪಂಕಜ ಎಂದರು ಅತ್ತೆ. ವ್ಯಾಕರಣದ ಪ್ರಕಾರ ಹೆಸರು ಇಟ್ಟಮೇಲೆ ವಸ್ತುವನ್ನು ಹೊರಗೆ ಹಾಕುವಂತಿಲ್ಲ. ಬೆಕ್ಕು ಉಳಿಯಿತು. ಆದರೆ ಬೆಕ್ಕು ಸಾಕಿದ್ದೀರಂತೆ ಎಂದು ಯಾರಾದರೂ ಕೇಳಿದರೆ ಅತ್ತೆ ಒಪ್ಪುತ್ತಿರಲಿಲ್ಲ. ತಾನು ಸಾಕಿಲ್ಲ, ಅದು ಇದೆ, ಅಷ್ಟೆ, ಎನ್ನುತ್ತಿದ್ದರು.

ಪಂಕಜ ಸಸ್ಯಾಹಾರಿ ಎಂಬುದು ನಮ್ಮ ಮನೆಯ ಸಿದ್ಧಾಂತ. ಬೆಳಿಗ್ಗೆ ಹಾಲು, ಮಧ್ಯಾಹ್ನ ಮೊಸರನ್ನ. ಹಬ್ಬದ ದಿನ ಪಾಯಸದ ಪಾತ್ರೆ ನೆಕ್ಕುವ ಹಕ್ಕು. ಇಷ್ಟರಲ್ಲೇ ಅವಳು ದಿಂಬಿನ ಗಾತ್ರಕ್ಕೆ ಬೆಳೆದದ್ದು ನಮ್ಮ ಮೊಸರಿನ ಮಹಿಮೆ ಎಂದು ಅತ್ತೆ ನಂಬಿದ್ದರು. ಹಿತ್ತಲಲ್ಲಿ ಆಗಾಗ ಸಿಗುತ್ತಿದ್ದ ಬೂದು ಪುಕ್ಕಗಳನ್ನು ಶೈಲ ಮಾತಿಲ್ಲದೆ ಗುಡಿಸಿ ಹಾಕುತ್ತಿದ್ದಳು. ಸಿದ್ಧಾಂತಗಳು ಎಲ್ಲ ಮನೆಗಳಲ್ಲೂ ಹೀಗೆಯೇ ಉಳಿಯುತ್ತವೆ, ಯಾರೋ ಒಬ್ಬರು ಬೆಳಿಗ್ಗೆ ಎದ್ದು ಪುಕ್ಕ ಗುಡಿಸುತ್ತಿರುತ್ತಾರೆ.

ಆಮೇಲೆ ಹಕ್ಕಿಜ್ವರದ ಸುದ್ದಿ ಬಂತು. ಬಂದದ್ದು ಬೇರೆ ರಾಜ್ಯಕ್ಕೆ, ಆದರೆ ಟೀವಿಯವರು ಅದನ್ನು ಪ್ರತಿದಿನ ಸಂಜೆ ನಮ್ಮ ಹಜಾರಕ್ಕೆ ತಂದು ಬಿಡುತ್ತಿದ್ದರು. ಮೂಗು ಬಾಯಿ ಮುಚ್ಚಿಕೊಂಡ ಬಿಳಿ ಬಟ್ಟೆಯವರು ಕೋಳಿಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಒಂದು ದಿನ ಪತ್ರಿಕೆಯ ಮೂಲೆಯಲ್ಲಿ, ರೋಗ ತಗುಲಿದ ಹಕ್ಕಿಯನ್ನು ತಿಂದರೆ ಬೆಕ್ಕುಗಳಿಗೂ ಅದು ಬರಬಹುದು ಎಂದಿತ್ತು. ಅತ್ತೆ ಅದನ್ನು ಓದಿ, ನಮ್ಮ ಪಂಕಜ ತಿನ್ನುವುದಿಲ್ಲವಲ್ಲ ಎಂದು ಪತ್ರಿಕೆ ಮಡಿಸಿಟ್ಟರು.

ಮಾರನೆಯ ಬೆಳಿಗ್ಗೆಯೇ ಪಕ್ಕದ ಮನೆಯ ರುದ್ರಪ್ಪನವರು ಗೇಟಿನ ಹತ್ತಿರ ನಿಂತಿದ್ದರು. ಪೇಟೆಯಲ್ಲಿ ಬೇಳೆಕಾಳಿನ ಅಂಗಡಿ, ಹಣೆಯ ತುಂಬ ವಿಭೂತಿ, ಮೃದು ಮಾತು. ತೀರಿಕೊಂಡ ತಂದೆಯ ಹೆಸರಿನಲ್ಲಿ ದಿನಾ ಬೆಳಿಗ್ಗೆ ತಾರಸಿಯ ಮೇಲೆ ಪಾರಿವಾಳಗಳಿಗೆ ಜೋಳ ಚೆಲ್ಲುವುದು ಅವರ ವ್ರತ. ಪಂಕಜ ಪಾರಿವಾಳವನ್ನು ಬಾಯಲ್ಲಿ ಕಚ್ಚಿಕೊಂಡು ಕಾಂಪೌಂಡಿನ ಮೇಲೆ ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಕಾಲ ಕೆಟ್ಟಿದೆ, ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ, ಬೆಕ್ಕನ್ನು ಎಲ್ಲಾದರೂ ದೂರ ಬಿಟ್ಟು ಬಂದರೆ ಒಳ್ಳೆಯದು, ಇಲ್ಲವಾದರೆ ಕಾರ್ಪೊರೇಷನ್ನಿನವರಿಗೆ ಹೇಳಬೇಕಾಗುತ್ತದೆ ಎಂದು ಬಹಳ ನೊಂದ ದನಿಯಲ್ಲಿ ಹೇಳಿದರು.

ಅತ್ತೆಯ ಮುಖ ಬಿಳಿಚಿತ್ತು. ಎಷ್ಟೋ ವರ್ಷದ ಮೊಸರನ್ನ ಒಂದು ಕ್ಷಣದಲ್ಲಿ ಕುಸಿದಿತ್ತಲ್ಲ. ಆದರೆ ಅವರು ಮೇಷ್ಟ್ರು.

"ರುದ್ರಪ್ಪನವರೇ, ಹಕ್ಕೀನ ಇಲ್ಲಿಗೆ ಕರೆಸ್ತಿರೋದು ಯಾರು? ಜೋಳ ಹಾಕಿ ಪುಣ್ಯ ತಗೊಳ್ಳೋರು ನೀವು, ಅದರ ಫಲ ಬರ್ತಿರೋದು ನಮ್ಮ ಬೆಕ್ಕಿನ ಬಾಯಿಗೆ."

ಕೊನೆಗೆ ಒಪ್ಪಂದವಾಯಿತು. ಈ ಗಲಾಟೆ ಮುಗಿಯುವವರೆಗೆ ಅವರು ಜೋಳ ಚೆಲ್ಲಬಾರದು, ಪಂಕಜ ಹೊಸ್ತಿಲು ದಾಟಬಾರದು. ದಾಟಿದರೆ ಅತ್ತೆಯೇ ಅವಳನ್ನು ಕಳಿಸಿಬಿಡಬೇಕು. ಅತ್ತೆ ಆಗಲಿ ಎಂದರು, ಒಳಗೆ ಬಂದು ಕುರ್ಚಿಯ ಕೈ ಹಿಡಿದುಕೊಂಡು ಕೂತರು.

ಆ ಸಂಜೆ ಪಂಕಜಳನ್ನು ಮುಚ್ಚಳದ ಬುಟ್ಟಿಯಲ್ಲಿ ಹಾಕಿಕೊಂಡು ನಾನೂ ಅತ್ತೆಯೂ ಆಟೋದಲ್ಲಿ ದನದಾಸ್ಪತ್ರೆಗೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವರು. ಬೆಕ್ಕಿನ ಹೊಟ್ಟೆ ಮುಟ್ಟಿ ನೋಡಿ ಏನು ತಿನ್ನಿಸುತ್ತೀರಿ ಎಂದರು. ನಾನು ಅಭ್ಯಾಸಬಲದಿಂದ ಮೊಸರನ್ನ ಎಂದೆ. ಡಾಕ್ಟರು ಒಂದು ಸಲ ಬೆಕ್ಕನ್ನೂ ಒಂದು ಸಲ ನನ್ನನ್ನೂ ನೋಡಿದರು. ಇಬ್ಬರಲ್ಲಿ ನಾನೇ ಮೊಸರನ್ನ ತಿಂದವನ ಹಾಗೆ ಕಾಣುತ್ತಿದ್ದೆ.

ನಮ್ಮೂರಿನಲ್ಲಿ ರೋಗ ಇಲ್ಲ, ಹೆದರಬೇಡಿ ಎಂದರು. ಹೊರಗೆ ಬಿಡದಿದ್ದರೆ ಸಾಕು. ಸತ್ತ ಹಕ್ಕಿಯ ಹತ್ತಿರ ಹೋಗಬಾರದು, ಹಸಿ ಮಾಂಸ, ಹಸಿ ಮೊಟ್ಟೆ ಬೇಡ, ಹಸಿ ಹಾಲೂ ಬೇಡ, ಮುಟ್ಟಿದಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಾಂಸ ಕೊಡುವುದಾದರೆ ಚೆನ್ನಾಗಿ ಬೇಯಿಸಿ ಕೊಡಿ, ಬೆಂದರೆ ಭಯವಿಲ್ಲ. ಉಪ್ಪು ಬೇಡ. ಈರುಳ್ಳಿ ಬೆಳ್ಳುಳ್ಳಿಯಂತೂ ಸೇರಿಸಲೇಬಾರದು, ಬೆಕ್ಕಿಗೆ ಅದು ವಿಷ. ಮಾಂಸದ ಮಾತು ಬಂದಾಗ ಕಿಟಕಿಯ ಕಡೆ ನೋಡುತ್ತಿದ್ದ ಅತ್ತೆ, ಈರುಳ್ಳಿ ಬೆಳ್ಳುಳ್ಳಿಯ ಮಾತಿಗೆ ಮಾತ್ರ ತಲೆಯಾಡಿಸಿದರು.

ನಮ್ಮ ವೈಷ್ಣವ ಹಿರಿಯರಲ್ಲಿ ಒಂದು ಹಳೆಯ ಜಗಳವಿದೆ. ಮಂಗನ ಮರಿ ತಾಯಿಯನ್ನು ತಾನೇ ಹಿಡಿದುಕೊಳ್ಳುತ್ತದೆ, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಭಕ್ತ ದೇವರನ್ನು ಹಿಡಿಯಬೇಕೋ, ದೇವರೇ ಭಕ್ತನನ್ನು ಎತ್ತಿಕೊಳ್ಳುತ್ತಾನೋ ಎಂಬುದು ಪ್ರಶ್ನೆ. ಇದಕ್ಕಾಗಿ ನೂರಾರು ವರ್ಷ ವಾದ ಮಾಡಿ, ಹಣೆಯ ನಾಮವನ್ನು ಬೇರೆ ಬೇರೆಯಾಗಿ ಬರೆದುಕೊಂಡವರು ನಾವು. ಬಾಗಿಲು ಹಾಕಿದ ಮನೆಯಲ್ಲಿ ಬೆಕ್ಕೊಂದನ್ನು ಇಟ್ಟುಕೊಂಡು ನೋಡಿದ್ದರೆ ಆ ಮಹಾತ್ಮರಿಗೆ ಮೂರನೆಯ ಪಕ್ಷವೊಂದು ಹೊಳೆಯುತ್ತಿತ್ತು. ಇಲ್ಲಿ ಬೆಕ್ಕು ಯಾರನ್ನೂ ಎತ್ತಲಿಲ್ಲ, ಯಾರನ್ನೂ ಹಿಡಿಯಲಿಲ್ಲ. ಪರದೆಯನ್ನು ಹಿಡಿದು ಮೇಲಕ್ಕೆ ಹತ್ತಿತು. ಅಲ್ಲಿಂದ ಬೀರುವಿನ ಮೇಲೆ ಹಾರಿ, ಶೈಲ ಜೋಡಿಸಿಟ್ಟಿದ್ದ ಗೊಂಬೆಗಳ ಪೆಟ್ಟಿಗೆಯ ಮೇಲೆ ಕೂತು, ಕಿಟಕಿಯಾಚೆಯ ಪಾರಿವಾಳಗಳನ್ನು ನೋಡಿ ಹಲ್ಲು ಕಟಕಟ ಮಾಡಿತು. ನಾವು ಮೂವರು ಕತ್ತೆತ್ತಿ, ಇಳಿಯಮ್ಮಾ ಎಂದು ಕೈಮುಗಿದು ಬೇಡಿಕೊಂಡೆವು. ಶರಣಾಗತಿ ಎಂದರೇನೆಂದು ನನಗೆ ಅರ್ಥವಾದದ್ದು ಆವತ್ತು.

ಆದರೆ ಅವಳು ಮೊಸರನ್ನ ಮುಟ್ಟಲಿಲ್ಲ. ಮೊದಲ ದಿನ ಮೂಸಿ ನೋಡಿ ತಟ್ಟೆಯ ಮೇಲೆ ಮಣ್ಣು ಮುಚ್ಚುವ ಹಾಗೆ ನೆಲ ಕೆರೆದಳು. ಆಮೇಲೆ ಕಾಯಿಸಿದ ಹಾಲೂ ಬೇಡವಾಯಿತು. ಪರದೆ ಹತ್ತುವುದನ್ನೂ ಬಿಟ್ಟು ಬಾಗಿಲ ಸಂದಿಗೆ ಮೂಗಿಟ್ಟು ಮಲಗಿದಳು. ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಬೈದರು, ಆಮೇಲೆ ಬೈಯದೆ ಸುಮ್ಮನೆ ಕೂತರು. ಊಟಕ್ಕೆ ಕರೆದರೆ ಏಕಾದಶಿ ಎಂದರು. ಶೈಲ ಪಂಚಾಂಗ ನೋಡಿ ಬಂದು ನನ್ನ ಕಿವಿಯಲ್ಲಿ, ಇವತ್ತು ಪಂಚಮಿ ಎಂದಳು. ಅತ್ತೆಗೆ ತಿಥಿ ತಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾರನೆಯ ದಿನವೂ ಅವರು ಏಕಾದಶಿ ಎಂದಾಗ ನಾವಿಬ್ಬರೂ ಹೆದರಿದೆವು. ಬೆಕ್ಕು ಒಂದು ಕಡೆ ಸೊರಗುತ್ತಿತ್ತು, ಎಪ್ಪತ್ತು ದಾಟಿದ ಜೀವ ಇನ್ನೊಂದು ಕಡೆ.

ಮಧ್ಯಾಹ್ನ ಅತ್ತೆ ನನ್ನನ್ನು ಕರೆದರು. ಮುಖ ಗೋಡೆಯ ಕಡೆ ಇತ್ತು.

"ಶೇಷೂ, ಆ ಡಾಕ್ಟ್ರು ಈರುಳ್ಳಿ ಬೆಳ್ಳುಳ್ಳಿ ಹಾಕ್ಲೇಬಾರ್ದು ಅಂದ್ರಲ್ವೇನೋ?"

ಹೌದು ಎಂದೆ.

"ಉಪ್ಪೂ ಇಲ್ಲ, ಖಾರಾನೂ ಇಲ್ಲ. ಬರೀ ನೀರಲ್ಲಿ ಬೇಯ್ಸೋದು. ಹಾಗಾದ್ರೆ ಅದು ಹೆಚ್ಚು ಕಮ್ಮಿ ಪಥ್ಯವೇ ಆಯ್ತಲ್ಲ."

ಇಷ್ಟು ಶಾಸ್ತ್ರೋಕ್ತವಾಗಿ ಯಾವ ಕೋಳಿಯೂ ಯಾವ ಮನೆಗೂ ಪ್ರವೇಶ ಪಡೆದಿರಲಾರದು.

ಬಸವನಗುಡಿಯ ಆಸುಪಾಸಿನಲ್ಲಿ ಕೊಂಡರೆ ಯಾರಾದರೂ ನೋಡುತ್ತಾರೆಂದು ಮಾವಳ್ಳಿಗೆ ಹೋದೆ. ಅಂಗಡಿ ಖಾಲಿ ಹೊಡೆಯುತ್ತಿತ್ತು. ಮಾಲೀಕ ಸ್ಟೂಲಿನ ಮೇಲೆ ಕೂತು ರೇಡಿಯೋ ಕೇಳುತ್ತಿದ್ದವನು ನನ್ನ ಹಣೆಯ ನಾಮ ನೋಡಿ ಎದ್ದು ನಿಂತು, ದೇವಸ್ಥಾನಕ್ಕೆ ದಾರಿ ಹೇಳಲು ಕೈ ಎತ್ತಿದ. ಅವಸರದಲ್ಲಿ ನಾಮ ಅಳಿಸಿಕೊಳ್ಳುವುದು ಮರೆತುಹೋಗಿತ್ತು. ಸ್ವಲ್ಪ ಕೋಳಿ ಬೇಕಿತ್ತು ಎಂದೆ. ಯಾವ ಭಾಗ ಎಂದು ಕೇಳಿದ. ಕೋಳಿಗೆ ಎಷ್ಟು ಭಾಗಗಳಿವೆ ಎಂದು ನನಗೇನು ಗೊತ್ತು? ಮೆತ್ತಗಿರುವುದು ಕೊಡಿ ಎಂದೆ, ಬದನೆಕಾಯಿ ಕೊಳ್ಳುವವನ ಹಾಗೆ.

"ತಿನ್ನೋರೆಲ್ಲ ಹೆದ್ರಿಕೊಂಡು ಬಿಟ್ಬಿಟ್ರು ಸಾರ್. ನೀವೊಬ್ರು ಬಂದ್ರಲ್ಲ" ಎಂದ ಅವನು ಕೊಯ್ಯುತ್ತ.

"ನನಗಲ್ಲ, ನಮ್ಮನೆ ಬೆಕ್ಕಿಗೆ."

ಅವನು ತಲೆಯೆತ್ತದೆ, ಬಹಳ ಮರ್ಯಾದೆಯಿಂದ ಹೇಳಿದ: "ಹೌದು ಸಾರ್. ನಿಮ್ಮಂಥೋರೆಲ್ಲ ಬೆಕ್ಕಿಗೇ ತಗೊಂಡ್ಹೋಗೋದು."

ನಾನು ಇನ್ನೊಮ್ಮೆ ವಿವರಿಸಲು ಹೊರಟೆ. ನಿಜ ಹೇಳುವಾಗಲೇ ಮನುಷ್ಯ ಪಕ್ಕಾ ಸುಳ್ಳುಗಾರನ ಹಾಗೆ ಕಾಣುತ್ತಾನೆ ಎಂದು ಗೊತ್ತಾಗಿ ಕವರು ಇಸಕೊಂಡು ಬಂದೆ.

ಅಡಿಗೆಮನೆಯಲ್ಲಿ ಬೇಯಿಸುವ ಮಾತೇ ಇರಲಿಲ್ಲ. ಹಿತ್ತಲಿನ ಬಚ್ಚಲುಮನೆಯ ಹಂಡೆ ಒಲೆಗೆ ಸೌದೆ ಹಾಕಿ, ಗಿಡಕ್ಕೆ ನೀರು ಹಾಕುವ ಅಲ್ಯೂಮಿನಿಯಂ ಬೋಗುಣಿಯನ್ನು ಇಟ್ಟೆವು. ಕವರು ಬಿಚ್ಚಿದ್ದು ನಾನು, ತುಂಡು ಹಾಕಿದ್ದು ಶೈಲ, ಕಣ್ಣು ಮುಚ್ಚಿಕೊಂಡು. ಬೆಂದಿದೆಯೇ ಎಂದು ಇಬ್ಬರಿಗೂ ತಿಳಿಯಲಿಲ್ಲ. ನಾರುನಾರಾಗುವವರೆಗೆ ಕುದಿಯಲಿ ಎಂದು ಅತ್ತೆ ಬಾಗಿಲಾಚೆಯಿಂದ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಅಪ್ಪಣೆ ಕೊಟ್ಟರು. ಹಬೆ ಎದ್ದಿತು. ಪಂಕಜ ಎದ್ದಳು. ಕಾಂಪೌಂಡಿನಾಚೆ ರುದ್ರಪ್ಪನವರ ತಲೆಯೂ ಎದ್ದಿತು.

ಏನು ವಾಸನೆ ಎಂದು ಅವರು ಕೇಳಿದರು. ಶೈಲ ನನ್ನನ್ನು ನೋಡಿದಳು. ನಾನು ಏನೋ ಕಷಾಯ ಎನ್ನಲು ಬಾಯಿ ತೆರೆದಿದ್ದೆ.

"ಬೆಕ್ಕಿಗೆ ಕೋಳಿ ಬೇಯಿಸ್ತಿದೀವಿ" ಎಂದರು ಅತ್ತೆ, ಸೆರಗು ತೆಗೆದು. "ಹೊರಗೆ ಬಿಡಲ್ಲ ಅಂತ ನಿಮಗೆ ಮಾತು ಕೊಟ್ಟಿದೀನಿ. ಒಳಗೆ ಅದು ಉಪವಾಸ ಸಾಯ್ತಿದೆ. ನನಗೆ ಬೇರೆ ದಾರಿ ಕಾಣ್ಲಿಲ್ಲ."

ರುದ್ರಪ್ಪನವರು ಬೋಗುಣಿ ನೋಡಿದರು, ಹಿತ್ತಲ ಬಾಗಿಲ ಹೊಸ್ತಿಲೊಳಗೇ ತೂರಾಡಿಕೊಂಡು ನಿಂತಿದ್ದ ಬೆಕ್ಕನ್ನು ನೋಡಿದರು. ಆಮೇಲೆ ದನಿ ತಗ್ಗಿಸಿ, "ಒಂಚೂರು ಅರಿಶಿನ ಹಾಕಿ ಅಮ್ಮ. ನೀಚು ವಾಸನೆ ಹೋಗತ್ತೆ" ಎಂದರು.

ನಾವು ಮೂವರೂ ಅವರ ಕಡೆ ತಿರುಗಿದೆವು. ಅಂಗಡಿಗೆ ಬರುವ ಗಿರಾಕಿಗಳು ಯಾರೋ ಹೇಳುತ್ತಿದ್ದರು ಎನ್ನುತ್ತ ಅವರು ವಿಭೂತಿಯವರೆಗೂ ಕೆಂಪಾಗಿ ಇಳಿದುಹೋದರು. ಅತ್ತೆ ಆ ಮಾತನ್ನು ಮುಂದೆ ಯಾರ ಹತ್ತಿರವೂ ಎತ್ತಲಿಲ್ಲ, ನಮ್ಮನ್ನೂ ಎತ್ತಗೊಡಲಿಲ್ಲ. ರುದ್ರಪ್ಪನವರೂ ಕಾರ್ಪೊರೇಷನ್ನಿನ ಹೆಸರು ಎತ್ತಲಿಲ್ಲ. ನೆರೆಹೊರೆಯ ಸೌಹಾರ್ದಕ್ಕೆ ಇದಕ್ಕಿಂತ ಗಟ್ಟಿ ತಳಪಾಯ ನನಗೆ ಗೊತ್ತಿಲ್ಲ.

ಪಂಕಜ ತಟ್ಟೆ ಬೆಳ್ಳಗಾಗುವಂತೆ ತಿಂದಳು. ಅವಳು ಮುಖ ತೊಳೆದುಕೊಳ್ಳಲು ಶುರುಮಾಡಿದ ಮೇಲೆ ಅತ್ತೆ ತಲೆಗೆ ನೀರು ಹಾಕಿಕೊಂಡು ಬಂದು, ಶೈಲ ಬಡಿಸಿದ ಸಾರನ್ನ ಮೂರು ಸಲ ಹಾಕಿಸಿಕೊಂಡರು. ಯಾವ ತಿಥಿ ಎಂದು ನಾವು ಕೇಳಲಿಲ್ಲ. ಪ್ರಾಯಶ್ಚಿತ್ತವೇನಾದರೂ ಬೇಕೇ ಎಂದು ಆಮೇಲೊಮ್ಮೆ ನಾನೇ ಕೆಣಕಿದ್ದಕ್ಕೆ, ತಿಂದದ್ದು ಬೆಕ್ಕು, ಅದಕ್ಕೆ ಪಾಪವಿಲ್ಲ, ತಾನು ತಿಂದಿಲ್ಲ, ತನಗೂ ಇಲ್ಲ, ನಡುವೆ ಏನಾದರೂ ಉಳಿದಿದ್ದರೆ ಅದು ಸ್ಕೂಟರಿನಲ್ಲಿ ತಂದವನಿಗೆ ಎಂದರು.

ಬೇಸಿಗೆ ಕಳೆಯುವ ಹೊತ್ತಿಗೆ ಟೀವಿಯವರಿಗೆ ಬೇರೆ ಸುದ್ದಿ ಸಿಕ್ಕಿತು. ಡಾಕ್ಟರು ಇನ್ನು ಬಿಡಬಹುದು ಎಂದರು. ಜನ ಮತ್ತೆ ಕೋಳಿ ತಿನ್ನತೊಡಗಿದರು. ರುದ್ರಪ್ಪನವರು ಜೋಳದ ಡಬ್ಬ ಹಿಡಿದು ತಾರಸಿ ಹತ್ತಿದರು. ನಾವು ಬಾಗಿಲು ತೆರೆದೆವು. ಪಂಕಜ ಹೊಸ್ತಿಲವರೆಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅಲ್ಲೇ ಮಲಗಿದಳು. ಪಾರಿವಾಳವೊಂದು ಮೂಗಿನ ಮುಂದೆಯೇ ನಡೆದುಹೋಯಿತು. ಅವಳು ಆಕಳಿಸಿದಳು. ಬೇಟೆಯಿಲ್ಲದೆ ತಟ್ಟೆಗೆ ಬೀಳುವ ಊಟ ಹೊತ್ತುಹೊತ್ತಿಗೆ ಸಿಕ್ಕು ಅವಳು ಪೂರ್ತಿ ನಮ್ಮವಳಾಗಿದ್ದಳು, ಸರ್ಕಾರಿ ಕೆಲಸ ಕಾಯಂ ಆದವಳ ಹಾಗೆ.

ಎಲ್ಲರಿಗಿಂತ ಹೆಚ್ಚು ಚಿಂತೆಗೆ ಬಿದ್ದವರು ಅತ್ತೆ. ಇದೇನೇ ನಿನ್ನ ಗತಿ ಎಂದು ಅವಳನ್ನು ಪಾದದಿಂದ ಮೆಲ್ಲಗೆ ಹೊರಗೆ ತಳ್ಳುತ್ತಿದ್ದರು. ಕೋಳಿಯ ಪಾಲು ದಿನದಿಂದ ದಿನಕ್ಕೆ ಕಮ್ಮಿ ಮಾಡಿಸಿದರು. ಪಂಕಜ ಕಾಂಪೌಂಡ್ ಹತ್ತಿ ಅರ್ಧಕ್ಕೇ ಇಳಿದು ಬಂದಾಗ ಅವರ ಮುಖ ಬಾಡುತ್ತಿತ್ತು.

ಒಂದು ಬೆಳಿಗ್ಗೆ ನಾನು ಎದ್ದು ಹಿತ್ತಲಿಗೆ ಹೋದರೆ ಅತ್ತೆ ಪೊರಕೆ ಹಿಡಿದು ನಿಂತಿದ್ದರು. ಕಲ್ಲಿನ ಮೇಲೆ ಬೂದು ಪುಕ್ಕಗಳು. ಪಂಕಜ ಗೋಡೆಯ ಮೇಲೆ ಕೂತು ಮೀಸೆ ನೆಕ್ಕುತ್ತಿದ್ದಳು. ಅತ್ತೆ ಶಿವ ಶಿವಾ ಎಂದು ಬೈಯುತ್ತ ಪುಕ್ಕಗಳನ್ನು ಒಂದೂ ಬಿಡದೆ ತಾವೇ ಗುಡಿಸಿ, ಬಾಳೆಯ ಬುಡದಲ್ಲಿ ಮಣ್ಣು ಮುಚ್ಚಿದರು. ವೈಷ್ಣವರ ಬಾಯಲ್ಲಿ ಶಿವನ ಹೆಸರು ಬಂದದ್ದನ್ನು ಕೇಳಿ ಎಷ್ಟು ಕೋಪವಿರಬಹುದು ಎಂದುಕೊಂಡೆ. ಅವರು ಕೈ ತೊಳೆದು ನನ್ನ ಕಡೆ ತಿರುಗಿದಾಗ ಕೋಪವೇನೂ ಕಾಣಲಿಲ್ಲ. ಜ್ವರ ಬಿಟ್ಟ ಮಗು ಮೊದಲ ಸಲ ಏನನ್ನೋ ಒಡೆದುಹಾಕಿದಾಗ ತಾಯಂದಿರು ಹೊಡೆಯಲು ಕೈ ಎತ್ತಿ, ಹೊಡೆಯದೆ, ಹಣೆ ಮುಟ್ಟಿ ನೋಡುತ್ತಾರಲ್ಲ, ಅವರ ಮುಖ ಹಾಗೆ ಇತ್ತು.